ಬಲಕ್ಕೆ ತಿರುಗಿದರೆ ಮಾವ

ಬಸವನ ಬಾಗೇವಾಡಿಯಲ್ಲಿ ಇಪ್ಪತ್ತೆರಡು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಿದ ನಾನು, ನನ್ನ ಕಾರಿಗೆ ಯಾವ ಅಳತೆಯ ಟೈರು ಹಾಕಬೇಕೆಂದು ಇನ್ನೊಬ್ಬರನ್ನು ಕೇಳುವುದೇ! ಸಾಧ್ಯವಿಲ್ಲ! ೨೦೦೩ರ ಡಿಸೆಂಬರಿನಲ್ಲಿ ನಾನು ಹೀಗೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಭೀಷ್ಮನಿಗಾದರೂ ಸಂಸಾರ ಇರಲಿಲ್ಲ. ನನಗೆ ಹೆಂಡತಿ ಇದ್ದಳು, ಅತ್ತೆ ಇದ್ದರು, ತೀರಿಕೊಂಡು ಹತ್ತು ತಿಂಗಳಾದರೂ ನನ್ನನ್ನು ಬಿಡದ ಮಾವನೂ ಇದ್ದರು.

ಕಾರೆಂದರೆ ಅದು ಹತ್ತರಲ್ಲಿ ಹನ್ನೊಂದನೆಯ ಕಾರಲ್ಲ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಕೆಂಪು ಸ್ಪೋರ್ಟ್ಸ್ ಕಾರು! ಸೊಲ್ಲಾಪುರದ ಸಾಹುಕಾರರೊಬ್ಬರು ಹೊರದೇಶದಿಂದ ತರಿಸಿ ಹದಿನಾಲ್ಕು ವರ್ಷ ಓಡಿಸಿದ್ದರು. ಕೊನೆಗೆ ಅದರೊಳಗೆ ಕೂತವರಿಗೆ ಏಳಲು ಸೊಂಟ ಒಪ್ಪದಾದಾಗ ನನಗೆ ದಾಟಿಸಿದ್ದರು. ಮುಂದೆ ಎರಡು ಸೀಟು. ಹಿಂದೆಯೂ ಸೀಟಿನಂಥದ್ದೊಂದು ಇತ್ತು. ಕಾರು ಕಟ್ಟಿದವರು ಅದನ್ನು ಕೊಡೆ, ಟೋಪಿ ಇಡಲೆಂದು ಮಾಡಿರಬೇಕು. ನಮ್ಮ ಮನೆಯಲ್ಲಿ ಅದರ ಮೇಲೆ ಅತ್ತೆ ಬಾಳಮ್ಮನವರು ಕೂರುತ್ತಿದ್ದರು. ನನ್ನ ಹೆಂಡತಿ ಜಯಮಾಲಾಳ ಸೀಟು ಬಗ್ಗಿಸಿ ಅವರನ್ನು ಎಡಮೂಲೆಗೆ ಸೇರಿಸುವುದೆಂದರೆ ನೆಲದೊಳಗಿನ ಹಗೇವಿಗೆ ಜೋಳ ತುಂಬಿದಷ್ಟು ಕೆಲಸ. ಒಮ್ಮೆ ಕೂತರೆ ಊರು ಬರುವವರೆಗೆ ಅಲುಗಾಡುವಂತಿರಲಿಲ್ಲ.

ಮಾವ ಶ್ರೀಶೈಲಪ್ಪನವರು ಮೂವತ್ತೊಂದು ವರ್ಷ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮುದ್ದೇಬಿಹಾಳದಿಂದ ಇಂಡಿಯವರೆಗೆ ಅವರು ಓಡಾಡದ ದಾರಿಯಿಲ್ಲ, ಒಂದು ಕೋಳಿಗೂ ಗಾಲಿ ತಾಗಿಸಿದವರಲ್ಲ. ನಿವೃತ್ತರಾದ ಮೇಲೆ ಅವರಿಗೊಂದು ಚಟ ಅಂಟಿತು. ಬೇರೆಯವರ ಗಾಡಿಯಲ್ಲಿ ಕೂತಾಗ ತಿರುವಿನಲ್ಲಿ ವೇಗ ಕಡಿಮೆಯಾಗದಿದ್ದರೆ, ಬಲಗಾಲನ್ನು ನೆಲಕ್ಕೆ ಒತ್ತಿ, ಗಂಟಲೊಳಗಿಂದ "ಊಂ…" ಎಂದು ನರಳುತ್ತಿದ್ದರು. ಅದು ಮಾತೂ ಅಲ್ಲ, ಕೆಮ್ಮೂ ಅಲ್ಲ. ಒಮ್ಮೆ ಎರವಲು ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು ನಾನು ಆಲಮಟ್ಟಿಗೆ ಹೋಗಿದ್ದೆ. ಹೋಗುವಾಗ ಊಂ, ಬರುವಾಗ ಊಂ. ಇಳಿದ ಮೇಲೆ ಮಗಳಿಗೆ ಹೇಳಿದರಂತೆ, ನಿನ್ನ ಗಂಡನಿಗೆ ಲೆಕ್ಕ ಬರುತ್ತದೆ, ರಸ್ತೆ ಬರುವುದಿಲ್ಲ ಅಂತ.

ಅವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ಬಂದರೇ ಹೊರತು ಮಾತಿಲ್ಲ, ಸರಿಯಾಗಿ ಊಟವಿಲ್ಲ. ಅರ್ಧ ರೊಟ್ಟಿ ಮುರಿದು, ಕಾಲು ರೊಟ್ಟಿ ತಿಂದು ಏಳುತ್ತಿದ್ದರು.

ಇಂಥ ಹೊತ್ತಿನಲ್ಲಿ ನನ್ನ ಟೈರಿನ ಸಂಶೋಧನೆ ಶುರುವಾಯಿತು. ಹಳೆಯ ಟೈರುಗಳು ಸವೆದಿದ್ದವು. ಅವುಗಳ ಮೇಲೆ 185/60 R14 ಎಂದು ಬರೆದಿತ್ತು. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 14 ಅಂದರೆ ಒಳಗಿನ ರಿಮ್ಮಿನ ಅಳತೆ, ಇಂಚಿನಲ್ಲಿ. ನಡುವಿನ 60 ಅಂದರೆ ರಿಮ್ಮಿನ ಮೇಲೆ ರಬ್ಬರು ನಿಂತಿರುವ ಎತ್ತರ, ಅದೂ ಮಿಲಿಮೀಟರಿನಲ್ಲಿ ಎಂದು ನಾನು ತೀರ್ಮಾನಿಸಿದೆ. ಯಾರೂ ಹೇಳಿದ್ದಲ್ಲ, ನನಗೇ ಹೊಳೆದದ್ದು! ಪಟ್ಟಿ ಹಿಡಿದು ಅಳೆದು ನೋಡಬಹುದಿತ್ತು. ಆದರೆ ಅಳೆಯುವವರು ದರ್ಜಿಗಳು, ಗಣಿತದವರು ಸಾಧಿಸುತ್ತಾರೆ.

ಹೊಸದಾಗಿ ಹೊಳೆಯುವ ಅಲಾಯ್ ಗಾಲಿಯ ಮೇಲೆ 205/60 R15 ಹಾಕುವುದೆಂದು ನಿಶ್ಚಯವಾಯಿತು. ರಿಮ್ಮು ಒಂದಿಂಚು ದೊಡ್ಡದು, ನಡುವಿನ 60 ಅದೇ 60. ಆದ್ದರಿಂದ ಗಾಲಿ ಮೇಲ್ಗಡೆ ಏರುವುದು ಬರೀ ಅರ್ಧ ಇಂಚು. ಮಡ್‌ಗಾರ್ಡಿನ ಕೆಳಗೆ ಜಾಗ ಬೇಕಾದಷ್ಟಿತ್ತು. ಇತಿ ಸಿದ್ಧಂ!

ಬಸ್‌ಸ್ಟ್ಯಾಂಡಿನ ಹತ್ತಿರ ಟೈರಿನ ಅಂಗಡಿ ಇಟ್ಟಿದ್ದ ಕಾಸಿಂಸಾಬರು ನನ್ನ ಚೀಟಿ ನೋಡಿ ತಲೆ ಕೆರೆದುಕೊಂಡರು. "ಮಾಸ್ತರ, ಹದಿನೈದರ ರಿಮ್ ಹಾಕೂದಾದ್ರ ನಡುವ ಐವತ್ತು ಇರೋ ಟಾಯರ ತರಸೂಣ್ರಿ. ಅರವತ್ತು ಬ್ಯಾಡ, ಮ್ಯಾಲ ತಗಡಿಗಿ ಹತ್ತತೈತಿ."

"ಕಾಸಿಂಸಾಬ, ಲೆಕ್ಕ ನನಗ ಬಿಡ್ರಿ. ನೀವು ನಟ್ ಬಿಗೀರಿ," ಎಂದೆ.

ಅವರು ಬಿಗಿದರು. ಹಳೆಯ ಗಾಲಿಗಳನ್ನು ಮಾತ್ರ ಯಾಕೋ ಅಂಗಡಿಯಲ್ಲೇ ಒರಗಿಸಿ ಇಟ್ಟುಕೊಂಡರು.

ಮೊದಲ ಭಾನುವಾರ ನಾವು ಮೂವರೂ ಮುದ್ದೇಬಿಹಾಳ ದಾರಿ ಹಿಡಿದು ನಾಲತವಾಡದ ನೆಂಟರ ಮನೆಗೆ ಹೊರಟೆವು. ಕಾರು ರಾಜನಂತೆ ಓಡಿತು. ಊರು ದಾಟಿ ಮೊದಲ ಬಲ ತಿರುವು ಬಂತು. ನಾನು ವೇಗ ತಗ್ಗಿಸಲಿಲ್ಲ. ಕಾರಿನ ಹಿಂಭಾಗದಿಂದ, ಅತ್ತೆಯ ಕಡೆಯಿಂದ ಬಂತು:

"ಊಂ…"

ಜಯಮಾಲಾ ನನ್ನ ಮುಖ ನೋಡಿದಳು. ನಾನು ಕನ್ನಡಿ ನೋಡಿದೆ. ಅತ್ತೆ ಬಾಯಿ ಮುಚ್ಚಿಕೊಂಡು ನೆಟ್ಟಗೆ ಕೂತಿದ್ದರು. ಆ ದನಿಯನ್ನು ಈ ಮೂವರಲ್ಲಿ ಗುರುತು ಹಿಡಿಯದವರು ಯಾರೂ ಇರಲಿಲ್ಲ.

ಮುಂದಿನ ಬಲ ತಿರುವಿನಲ್ಲಿ ಮತ್ತೆ ಬಂತು, ಇನ್ನಷ್ಟು ಉದ್ದವಾಗಿ. ಆಗ ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಪಕ್ಕದ ಖಾಲಿ ಜಾಗದ ಕಡೆ ತಿರುಗಿ, ಬಹಳ ಮೆಲ್ಲಗೆ ಹೇಳಿದರು: "ಹೇಳ್ತೇನ್ರಿ. ಸಾವಕಾಶ ಹೊಡೀತಾರ. ನೀವು ಸುಮ್ನ ಕುಂದರ್ರಿ."

ಮೂರನೆಯ ತಿರುವನ್ನು ಇಪ್ಪತ್ತೈದರಲ್ಲಿ ತೆಗೆದುಕೊಂಡೆ. ದನಿಯಿಲ್ಲ! ನಾಲ್ಕನೆಯದನ್ನು ಐವತ್ತರಲ್ಲಿ. "ಊಂ…" ಬದುಕಿದ್ದಾಗ ಹೇಗೋ ಹಾಗೆ.

ಸಾಲದ್ದಕ್ಕೆ ರಸ್ತೆಯೂ ಕೈಕೊಟ್ಟಿತು. ಧೈರ್ಯಕ್ಕೆಂದು ನಾನು ಕಿಲೋಮೀಟರ್ ಕಲ್ಲು ಎಣಿಸತೊಡಗಿದ್ದೆ. ಹನ್ನೆರಡು ಕಲ್ಲು ದಾಟಿದರೂ ಕಾರಿನ ಮೀಟರು ಹನ್ನೊಂದೇ ಅಂದಿತು. ಬರುವಾಗ ಮತ್ತೆ ಎಣಿಸಿದೆ. ಕಲ್ಲು ಹನ್ನೆರಡು, ಮೀಟರು ಹನ್ನೊಂದು. ಒಂದು ಪೂರ್ತಿ ಕಿಲೋಮೀಟರ್ ಎಲ್ಲೋ ಕಾಣೆಯಾಗಿತ್ತು. ಬಾಯಿ ತಪ್ಪಿ ಗಟ್ಟಿಯಾಗಿ ಹೇಳಿಬಿಟ್ಟೆ. ಹಿಂದಿನಿಂದ ಅತ್ತೆ ಅಂದರು, "ಒಂದು ಅವರು ಇಟ್ಕೊಂಡಾರ, ಬಿಡ್ರಿ."

ಮರುದಿನ ಸಾಲಿ ಬಿಟ್ಟ ಮೇಲೆ ಒಬ್ಬನೇ ಅದೇ ದಾರಿಯಲ್ಲಿ ಹೋದೆ. ಅದೇ ತಿರುವು, ಅದೇ ವೇಗ. ಒಂದು ಸಣ್ಣ ಸದ್ದೂ ಇಲ್ಲ. ಇನ್ನೊಂದು ದಿನ ಜಯಮಾಲಾಳನ್ನು ಕೂರಿಸಿಕೊಂಡು ಹೋದೆ. ಆಗಲೂ ಇಲ್ಲ. ಅತ್ತೆ ಹಿಂದೆ ಕೂತರೆ ಮಾತ್ರ ಮಾವ ಬರುತ್ತಿದ್ದರು! ಬಗ್ಗಿ ಗಾಲಿ ನೋಡಿದೆ. ಹೊರಗಿನಿಂದ ಎಲ್ಲವೂ ಕನ್ನಡಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಯಾರೋ ಬೆಂಚು ಸರಿಸಿದ್ದು "ಊಂ…" ಅಂದಂತಾಗಿ ನನ್ನ ಕೈಯಿಂದ ಸೀಮೆಸುಣ್ಣ ಬಿತ್ತು. ಬಯಲಲ್ಲಿ ಬಿಟ್ಟ ಬಾಣದಂಥ ನನ್ನ ಕಾರನ್ನು ನಾನು ಎಡಕ್ಕೆ ಮಾತ್ರ ತಿರುಗಿಸಿ ಓಡಿಸುವ ದಾರಿಗಳನ್ನು ಹುಡುಕತೊಡಗಿದೆ. ಹೀಗೆ ಎಡಕ್ಕೇ ತಿರುಗಿ ತಿರುಗಿ ಎರಡು ಸಲ ಹೊರಟಲ್ಲಿಗೇ ಬಂದೆ.

ಆದರೆ ಮನೆಯಲ್ಲಿ ಬೇರೆಯೇ ನಡೆದಿತ್ತು. ಅತ್ತೆ ಚೇತರಿಸಿಕೊಂಡರು. ಎರಡು ರೊಟ್ಟಿ ಉಣ್ಣತೊಡಗಿದರು. ಸಂಜೆಯಾದರೆ ತಲೆ ಬಾಚಿ, ಇಲಕಲ್ ಸೀರೆ ಉಟ್ಟು, ಎರಡು ಎಲೆ, ಒಂದು ಅಡಕೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಅಳಿಯಾರ, ಒಂದೀಟು ಬಲಕ್ಕ ತಿರುಗಿಸ್ಕೊಂಡು ಬರೂಣೇನ್ರಿ?"

ಇದನ್ನು ಕಂಡ ಮೇಲೆ ಕಾರನ್ನು ಕಾಸಿಂಸಾಬರ ಹತ್ತಿರ ಒಯ್ಯಲು ಹೇಗೆ ಮನಸ್ಸಾದೀತು? ಅರ್ಧ ಕಾರಣ ಅತ್ತೆಯ ನಗುಮುಖ. ಇನ್ನರ್ಧ, ಸುಳ್ಳೇಕೆ, ನನ್ನ ಮೀಸೆ.

ಜನವರಿ ಕೊನೆಗೆ ಮಾವನ ವರ್ಷದ ಪುಣ್ಯತಿಥಿ ಬಂತು. ಇಂಡಿಯಲ್ಲಿ ಅವರ ಮನೆಯಲ್ಲೇ ಮಾಡುವುದೆಂದಾಯಿತು. ಹೋಳಿಗೆ ಡಬ್ಬಿ, ಎರಡು ಚೀಲ, ಮಾವನ ಕಟ್ಟು ಹಾಕಿಸಿದ ಫೋಟೋ, ಅತ್ತೆ, ಎಲ್ಲವೂ ಹಿಂದೆ. ಸಿಂದಗಿ ಕಡೆಗೆ ಹೊರಟಾಗ ಹನ್ನೊಂದು ಗಂಟೆ. ಆ ದಿನ ದನಿ ತಿರುವಿಗೆ ಕಾಯಲಿಲ್ಲ. ಸಣ್ಣ ತಗ್ಗು ಬಂದರೂ ಊಂ, ನೆಟ್ಟಗಿನ ರಸ್ತೆಯಲ್ಲೂ ಊಂ. ಆಮೇಲೆ ವಾಸನೆ ಶುರುವಾಯಿತು. ಏನೋ ಸುಟ್ಟ ಹಾಗೆ, ಖಾರವಾಗಿ. ಅತ್ತೆ ಮೂಗು ಅರಳಿಸಿ, ಬೀಡಿ ಹಚ್ಚಿದ್ದಾರೆ ಅಂದರು. ಜಯಮಾಲಾ ಕಿಟಕಿಯ ಗಾಜು ಇಳಿಸಿದಳು.

ನಡು ಮಧ್ಯಾಹ್ನ. ಎರಡೂ ಕಡೆ ಆಳೆತ್ತರದ ಬಿಳಿಜೋಳ, ನಡುವೆ ಡಾಂಬರು, ಎತ್ತ ನೋಡಿದರೂ ಒಂದು ಪ್ರಾಣಿ ಇಲ್ಲ. ಊಂ ಎಂಬುದು ಈಗ ಕೂಗಾಯಿತು. ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿಲ್ಲಸ್ರಿ. ಇಳೀರಿ ಅನ್ನಾಕತ್ತಾರ."

ತಡವಾಗುತ್ತದೆ ಅಂದೆ. ದೆವ್ವ ಭೂತ ಎಲ್ಲ ಮನಸ್ಸಿನ ಭ್ರಮೆ ಅಂತ ಸಾಲಿಯಲ್ಲಿ ಹೇಳುವುದನ್ನೇ ಹೇಳಲು ಬಾಯಿ ತೆರೆದೆ.

"ನಿಲ್ಲಸ್ರಿ."

ಅತ್ತೆ ನನ್ನೊಂದಿಗೆ ಎಂದೂ ಆ ದನಿಯಲ್ಲಿ ಮಾತಾಡಿದವರಲ್ಲ. ನಿಲ್ಲಿಸಿದೆ. ಮೂವರೂ ಇಳಿದು ರಸ್ತೆಯ ಅಂಚಿಗೆ ನಿಂತೆವು. ಎಂಜಿನ್ ಬಂದ್ ಆಗಿತ್ತು. ಗಾಳಿ ನಿಂತು ಜೋಳದ ಎಲೆಯೂ ಅಲುಗಲಿಲ್ಲ. ಆ ಮೌನದಲ್ಲಿ ಖಾಲಿ ಕಾರು, ದಣಿದ ಮನುಷ್ಯ ಉಸಿರು ಬಿಡುವ ಹಾಗೆ, "ಸ್ಸ್ಸ್…" ಅಂತ ಉದ್ದಕ್ಕೆ ಉಸಿರು ಬಿಟ್ಟಿತು. ನಾವು ನೋಡುತ್ತಿದ್ದಂತೆ ಅದರ ಹಿಂದಿನ ಎಡಮೂಲೆ, ವಯಸ್ಸಾದವರು ಕುರ್ಚಿಯಲ್ಲಿ ಕೂರುವಂತೆ, ಸಾವಕಾಶ ಕೆಳಗಿಳಿಯಿತು.

"ಕುಂತ್ರು ನೋಡ್ರಿ," ಅಂದರು ಅತ್ತೆ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಮರ್ಯಾದೆ ಎಲ್ಲೂ ಕಾಣುವುದಿಲ್ಲ. ಎದುರಿಗೆ ಬಂದ ಬಸ್ಸು ಹತ್ತಿ ಬಾಗೇವಾಡಿಗೆ ಹೋದೆ. ಕಾಸಿಂಸಾಬರು ಒರಗಿಸಿಟ್ಟಿದ್ದ ನಾಲ್ಕೂ ಹಳೆಯ ಗಾಲಿಗಳನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ನನ್ನ ಜೊತೆ ಬಂದರು. ಹಿಂದಿನ ಎಡಗಾಲಿ ಬಿಚ್ಚಿ ಹೊರಳಿಸಿ ಒಳಮೈ ತೋರಿಸಿದರು. ಹೊರಗೆ ಮಿಂಚುತ್ತಿದ್ದ ಟೈರಿನ ಒಳಅಂಚು ತಗಡಿಗೆ ತಿಕ್ಕಿ ತಿಕ್ಕಿ ಸವೆದು, ದಾರಗಳು ಹರಿದ ಚಾಪೆಯಂತೆ ನೇತಾಡುತ್ತಿದ್ದವು. ಅತ್ತೆಯ ಭಾರಕ್ಕೆ ಆ ಮೂಲೆ ಕುಗ್ಗುತ್ತಿತ್ತು. ಬಲಕ್ಕೆ ತಿರುಗಿದರೆ ಕಾರು ಎಡಕ್ಕೆ ವಾಲಿ ಇನ್ನಷ್ಟು ಕುಗ್ಗುತ್ತಿತ್ತು. ಆಗ ರಬ್ಬರು ತಗಡನ್ನು ಉಜ್ಜುತ್ತಿತ್ತು. ಊಂ!

"ಓಡೂವಾಗ ಒಡದಿದ್ರ ಗಾಡಿ ಕೈಯಾಗ ಉಳೀತಿದ್ದಿಲ್ರಿ," ಎಂದರು ಕಾಸಿಂಸಾಬರು. "ಮುಂದ ಹಳ್ಳ ದಾಟೂ ಪೂಲ್ ಐತಿ."

ನನ್ನ ಲೆಕ್ಕದಲ್ಲಿ ತಪ್ಪಿರಲು ಸಾಧ್ಯವಿಲ್ಲ ಎಂದು ನಾನು ಆಗಲೂ ತೊದಲಿದೆ. ಅವರು ನಟ್ ಬಿಗಿಯುವ ಪಾನಾ ಹಿಡಿದು ರಸ್ತೆಯ ಅಂಚಿನ ಮಣ್ಣಿನಲ್ಲಿ ಬರೆದು ತೋರಿಸಿದರು. ಅರವತ್ತು ಅಂದರೆ ಎತ್ತರವಲ್ಲ, ಅಗಲದ ಶೇಕಡಾ ಅರವತ್ತು! 185ರಲ್ಲಿ ಶೇಕಡಾ ಅರವತ್ತು 111. 205ರಲ್ಲಿ ಶೇಕಡಾ ಅರವತ್ತು 123. ರಿಮ್ಮಿನ ಅರ್ಧ ಇಂಚಿನ ಜೊತೆ ರಬ್ಬರೂ ಅರ್ಧ ಇಂಚು ಏರಿ, ಮೇಲ್ಗಡೆ ಬರೋಬರಿ ಒಂದಿಂಚು ಹೋಗಿತ್ತು. ಗಾಲಿ ದೊಡ್ಡದಾದ್ದರಿಂದ ಸುತ್ತು ಕಡಿಮೆ, ಅದಕ್ಕೇ ಮೀಟರು ಹನ್ನೆರಡನ್ನು ಹನ್ನೊಂದು ಅಂದಿತ್ತು. ಇಷ್ಟು ಚೆನ್ನಾಗಿ ಶೇಕಡಾ ಲೆಕ್ಕ ಎಲ್ಲಿ ಕಲಿತಿರಿ ಅಂತ ಕೇಳಿದೆ, ಕೇಳಬಾರದಿತ್ತು.

"ನಮ್ಮ ಮಗಳು ಜಾಸ್ಮಿನ ಹೇಳಿಕೊಟ್ಟಾಳ್ರಿ," ಅಂದರು. "ನಿಮ್ಮ ಕ್ಲಾಸಿನ್ಯಾಗ ಕಲತಾಳಲ್ರಿ."

ಜಯಮಾಲಾ ಬೆನ್ನು ತಿರುಗಿಸಿ ಜೋಳ ನೋಡುತ್ತ ನಿಂತಳು. ಅವಳ ಹೆಗಲು ಕುಲುಕುತ್ತಿದ್ದವು.

ನನಗೆ ಅತ್ತೆಯದೇ ಭಯ. ಅವರು ರಸ್ತೆಯ ಅಂಚಿನ ಕಲ್ಲಿನ ಮೇಲೆ ಫೋಟೋ ತೊಡೆಯಲ್ಲಿಟ್ಟುಕೊಂಡು ಕೂತಿದ್ದರು. ಹತ್ತಿರ ಹೋಗಿ, ಕುಕ್ಕುರುಗಾಲಲ್ಲಿ ಕೂತು, "ಅತ್ತೀ, ಅದು ಟಾಯರಿನ ಸಪ್ಪಳ ಆಗಿತ್ರಿ," ಅಂದೆ.

ಅವರು ಹರಿದ ಟೈರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಟಾಯರ ಆದ್ರ ಏನಾತ್ರಿ? ಬಾಯಿ ಇಲ್ಲದವರು ಏನು ಸಿಗತೈತಿ ಅದರಾಗ ಮಾತಾಡ್ತಾರ. ನಾವು ಮೂರೂ ಮಂದಿ ಉಳದಿವಲ್ಲ."

ಕಾಸಿಂಸಾಬರು ನಾಲ್ಕೂ ಹಳೆಯ ಗಾಲಿ ಬಿಗಿದು ಮುಗಿಸಿದ ಮೇಲೆ ಕಾರು ಹತ್ತಿದೆ. ಸಂಜೆಯ ಹೊತ್ತಿಗೆ ಇಂಡಿ ಮುಟ್ಟಿ, ಪೂಜೆ ಮುಗಿಸಿ, ಉಂಡೆವು. ಹಳೆಯ ಗಾಲಿಗಳ ಮೇಲೆ ದಾರಿಯುದ್ದಕ್ಕೂ ಕಾರು ತುಟಿ ಬಿಚ್ಚಿರಲಿಲ್ಲ. ಅತ್ತೆಯನ್ನು ಒಂದು ತಿಂಗಳಿಗೆಂದು ಇಂಡಿಯಲ್ಲೇ ಬಿಟ್ಟೆವು.

ಮರುದಿನ ಹಗಲು ನಾನು, ಜಯಮಾಲಾ ಇಬ್ಬರೇ ಹೊರಟೆವು. ಹಿಂದಿನ ಸೀಟು ಖಾಲಿ. ಸಿಂದಗಿ ದಾಟಿದ ಮೇಲೆ ರಸ್ತೆ ತೆರವಾಗಿತ್ತು, ನನ್ನ ಕಾಲು ತಾನಾಗಿಯೇ ಒತ್ತಿತು. ಅರವತ್ತು, ಎಪ್ಪತ್ತು. ಬಲ ತಿರುವು ಬಂತು.

"ಊಂ…"

ಗಕ್ಕನೆ ನಿಲ್ಲಿಸಿ ಇಳಿದೆ. ನಾಲ್ಕೂ ಗಾಲಿಗಳ ಮೇಲೆ ಬೆರಳಿಟ್ಟು ನೋಡಿದೆ. ಎಲ್ಲೂ ಏನೂ ತಾಗುತ್ತಿಲ್ಲ. ಒಳಗೆ ಜಯಮಾಲಾ ಕಿಟಕಿಯಾಚೆ ಮುಖ ಮಾಡಿ, ಏನೂ ಕೇಳಿಸದವಳಂತೆ ಕೂತಿದ್ದಾಳೆ. ಮತ್ತೆ ಹೊರಟೆ. ನಲವತ್ತರಲ್ಲಿ ಇರುವವರೆಗೆ ಎಲ್ಲ ಶಾಂತ. ಐವತ್ತು ದಾಟಿದರೆ, ಊಂ.

ಅಂದಿನಿಂದ ಇಂದಿನವರೆಗೂ ಹಾಗೇ ನಡೆದಿದೆ. ಆ ದನಿ ಬಂದಾಗ ಒಮ್ಮೆ ತಲೆ ಹೊರಳಿಸಿ ಹೆಂಡತಿಯ ಮುಖ ನೋಡಿದರೆ ಸಾಕು, ನಿಜ ತಿಳಿದುಬಿಡುತ್ತದೆ. ನಾನು ನೋಡುವುದಿಲ್ಲ. ನರಳಿದವಳು ಅವಳೇ ಅಂತ ತಿಳಿದರೆ ನಾನು ಮನೆಯಲ್ಲಿ ಬಾಳಬೇಕು. ಅವಳಲ್ಲ ಅಂತ ತಿಳಿದರೆ ಅದೇ ಕಾರಿನಲ್ಲಿ ಮನೆ ಮುಟ್ಟಬೇಕು! ಎರಡಕ್ಕೂ ನನಗೆ ಧೈರ್ಯವಿಲ್ಲದ್ದರಿಂದ, ಬಾಗೇವಾಡಿ ತಾಲೂಕಿನ ಏಕೈಕ ಸ್ಪೋರ್ಟ್ಸ್ ಕಾರನ್ನು ನಾನು ನಲವತ್ತರಲ್ಲೇ ಓಡಿಸುತ್ತೇನೆ. ನಿನ್ನೆ ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿ ಹೋದದ್ದು, ಕಬ್ಬು ಹೇರಿದ ಟ್ರ್ಯಾಕ್ಟರು.