ಒಂದು ವರ್ಷ ಹನ್ನೊಂದು ತಿಂಗಳ ಹಲಸಿನಹಣ್ಣು

ನಮ್ಮ ಭಾವನ ಲೆಕ್ಕದಲ್ಲಿ ಈ ಪ್ರಪಂಚದಲ್ಲಿ ನಡೆಯುವ ಸಂಗತಿಗಳು ಒಟ್ಟು ಇಪ್ಪತ್ತೆರಡು. ಇಪ್ಪತ್ತಮೂರನೆಯದು ನಡೆದರೆ ಅದು ಪ್ರಪಂಚದ ತಪ್ಪು! ಯಾಕೆಂದರೆ ಅವರ ಅಂಗೈಯಗಲದ ಕ್ಯಾಮರಾದಲ್ಲಿ ಇರುವ ಮೋಡುಗಳು ಇಪ್ಪತ್ತೆರಡೇ. ಮುಖಕ್ಕೊಂದು, ಬೆಟ್ಟಕ್ಕೊಂದು, ಊಟಕ್ಕೊಂದು, ಪಟಾಕಿಗೊಂದು, ಹಿಮಕ್ಕೊಂದು, ನಾಯಿಬೆಕ್ಕಿಗೊಂದು. ನಾವು ಇವುಗಳಲ್ಲಿ ಯಾವುದಕ್ಕೆ ಸೇರುತ್ತೇವೆ ಎಂದು ತೀರ್ಮಾನವಾಗುವ ತನಕ ಹಲ್ಲು ಬಿಟ್ಟುಕೊಂಡು ನಿಂತಿರಬೇಕು.

ಜನರನ್ನು ನಿಲ್ಲಿಸುವುದು ಭಾವನಿಗೆ ಹೊಸದಲ್ಲ. ಸುಂಟಿಕೊಪ್ಪದ ಕಡೆಯ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ಹಾಜರಿ ಬರೆಯುವ ರೈಟರ್ ಆಗಿದ್ದವರು. ಬೆಳಗ್ಗೆ ಅವರು ಹಾಜರಿ ಕೂಗಿ ಮುಗಿಸುವವರೆಗೆ ಲೈನುಮನೆಗಳ ಕೆಲಸಗಾರರೆಲ್ಲ ಸಾಲಾಗಿ ನಿಲ್ಲಬೇಕಿತ್ತು. ರಿಟೈರಾಗಿ ಕುಶಾಲನಗರದಲ್ಲಿ ಮನೆ ಮಾಡಿದ ಮೇಲೆ ನಿಲ್ಲಿಸಲು ಸಿಕ್ಕವರು ಇಬ್ಬರೇ: ನಮ್ಮ ಅಕ್ಕ, ಮತ್ತು ಎರಡು ಬೀದಿಯಾಚೆ ವಾಸವಾಗಿರುವ ನತದೃಷ್ಟನಾದ ನಾನು.

“ಈಗೆಲ್ಲ ಫೋನಲ್ಲಿ ಒತ್ತಿದ್ರೆ ಆಯ್ತಲ್ಲ ಭಾವ!”

“ಫೋನಲ್ಲಿ ಫೋನೇ ಯೋಚನೆ ಮಾಡುತ್ತೆ ಕಣಯ್ಯ. ಇದರಲ್ಲಿ ನಾನು ಯೋಚನೆ ಮಾಡ್ತೀನಿ.”

ನಮ್ಮ ಸಂಕಟ ಇರುವುದೇ ಅಲ್ಲಿ ತಾನೇ!

ಅಕ್ಕನ ಬಾಯಲ್ಲಿ ಮೋಡು ಮೋಡವಾಗಿದೆ. ಭಾವ ಗುಂಡಿ ಒತ್ತುತ್ತಾ ನಿಂತರೆಂದರೆ ಇವಳು ಅಂಗಳದಿಂದಲೇ, “ರೀ, ನಿಮ್ಮ ಮೋಡ ಸರೀತಾ? ನಾನು ಒಲೆ ಮೇಲೆ ಹಾಲಿಟ್ಟು ಬಂದಿದೀನಿ” ಎನ್ನುತ್ತಾಳೆ. ಮೋಡ ಸರಿಯುವಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಹೋದ ವರ್ಷ ಕಾಫಿ ಹೂ ಬಿಟ್ಟಾಗ ತಮ್ಮ ಹಳೆಯ ಎಸ್ಟೇಟಿಗೆ ನಮ್ಮನ್ನು ಕರೆದೊಯ್ದರು. ತೋಟಕ್ಕೆ ತೋಟವೇ ಬೆಳ್ಳಗೆ. ಹತ್ತು ನಿಮಿಷ ಯೋಚಿಸಿ ಹಿಮದ ಮೋಡು ಹಾಕಿದರು.

“ರೀ, ಕಾಫಿ ಹೂವಿಗೆ ಹಿಮ ಅಂತೀರಲ್ರೀ!”

“ಬೆಳ್ಳಗಿದೆಯೋ ಇಲ್ವೋ? ಅಷ್ಟು ಹೇಳು.”

ಹೂಗಳು ಅದ್ಭುತವಾಗಿ ಬಂದವು, ಸುಳ್ಳು ಹೇಳಬಾರದು. ನನ್ನ ತಲೆಯೂ ಹೂವಿನ ಜೊತೆ ಕರಗಿಹೋಗಿತ್ತು. ಗಿಡಗಳ ನಡುವೆ ಒಂದು ಕನ್ನಡಕ ಮಾತ್ರ ತೇಲುತ್ತಿತ್ತು. ನನಗೆ ಅಷ್ಟು ನರೆತಿದೆ ಎಂದು ಗೊತ್ತಾದದ್ದೇ ಅವತ್ತು. ಇನ್ನೊಮ್ಮೆ ನನ್ನನ್ನು ನಾಯಿಬೆಕ್ಕಿನ ಮೋಡಿನಲ್ಲಿ ತೆಗೆದು, “ನೋಡು, ಇದರಲ್ಲಿ ನೀನು ಸರಿಯಾಗಿ ಬರ್ತೀಯ” ಎಂದು ಶಾಭಾಸ್‌ಗಿರಿ ಕೊಟ್ಟರು.

ಆಮೇಲೆ ನೆಂಟರ ಮನೆಯ ಮದುವೆ. ಒಳಗಿನ ಬೆಳಕೋ, ಪಾರ್ಟಿಯೋ, ಮೋಂಬತ್ತಿಯೋ ಎಂದು ಭಾವ ಮೋಡು ತಿರುಗಿಸುತ್ತಲೇ ಇದ್ದಾರೆ. ಗಟ್ಟಿಮೇಳ ಆಯಿತು, ಅಕ್ಷತೆ ಬಿತ್ತು.

“ಭಾವ, ತಾಳಿ ಕಟ್ಟಾಯ್ತು!”

“ಆತುರ ಜಾಸ್ತಿ ಈಗಿನವರಿಗೆ. ಇನ್ನೊಂದ್ಸಲ ಕಟ್ಟೋಕೆ ಹೇಳು.”

ಸಿಕ್ಕಿದ ಚಿತ್ರದಲ್ಲಿ ಮದುಮಕ್ಕಳಿಲ್ಲ. ಸಾರಿನ ಬಕೆಟ್ ಹಿಡಿದು ಓಡುತ್ತಿರುವ ಒಂದು ಬೆನ್ನು ಇದೆ. ಅವತ್ತು ಅಷ್ಟು ಹೊತ್ತು ನಗುತ್ತಾ ನಿಂತಿದ್ದರಿಂದ ನನ್ನ ಎಡಗೆನ್ನೆ ಅದುರತೊಡಗಿ, ಲಕ್ವ ಹೊಡೆಯಿತೆಂದೇ ತಿಳಿದು ಡಾಕ್ಟರ ಬಳಿ ಓಡಿದೆ. “ನಗೋದು ಕಮ್ಮಿ ಮಾಡಿ” ಎಂದರು ಅವರು.

ಕಮ್ಮಿ ಮಾಡಲು ನನ್ನಲ್ಲಿ ನಗು ಎಲ್ಲಿತ್ತು? ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಅಕ್ಕನಿಗೆ ಮೈಸೂರಿನಲ್ಲಿ ದೊಡ್ಡ ಆಪರೇಷನ್ ಆಗಿತ್ತು. ಗಡ್ಡೆಯನ್ನೇನೋ ತೆಗೆದರು. “ಎರಡು ವರ್ಷ ಮರಳಿ ಬರದೆ ಇದ್ದರೆ ಧೈರ್ಯವಾಗಿರಿ” ಎಂದರು ಅಲ್ಲಿನ ಡಾಕ್ಟರು. ಅಲ್ಲಿಂದ ಆ ಎರಡು ವರ್ಷವನ್ನು ಮನೆಮಂದಿಯ ಪರವಾಗಿ ನಾನೊಬ್ಬನೇ ಹೊತ್ತಿದ್ದೆ. ಅಕ್ಕ ಕೆಮ್ಮಿದರೆ ನನಗೆ ಜ್ವರ. ಅವಳು ಒಂದು ತುತ್ತು ಕಡಿಮೆ ಉಂಡರೆ ನನಗೆ ಊಟವೇ ಇಲ್ಲ. ಈ ಮನುಷ್ಯ ಮಾತ್ರ ಅಂಗಳದಲ್ಲಿ ನಿಂತು ಮೋಡು ಹುಡುಕುತ್ತಿದ್ದರು! ಹೆಂಡತಿಯ ಚಿಂತೆ ಬೇಡವೇ? ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅಷ್ಟರಲ್ಲಿ ಅವರ ಹುಡುಕಾಟ ನಿಂತಿತು. ಮಗುವಿನ ಮೋಡಿಗೆ ಬಂದು ಗಟ್ಟಿಯಾಗಿ ಕೂತರು. ಅದರಲ್ಲಿ ಒಂದು ಚಮತ್ಕಾರ ಉಂಟು. ಮಗು ಹುಟ್ಟಿದ ತಾರೀಖು ಹಾಕಿಟ್ಟರೆ, ಆಮೇಲೆ ತೆಗೆದ ಪ್ರತಿ ಚಿತ್ರದ ಕೆಳಗೆ ಮಗುವಿನ ವಯಸ್ಸು ತಾನೇ ಮೂಡುತ್ತದೆ. ಆ ಮನೆಯಲ್ಲಿ ಮಗುವೇ ಇಲ್ಲವಲ್ಲ! ಆದರೂ ದಿನಾ ಬೆಳಗ್ಗೆ ಅಕ್ಕನದೊಂದು ಚಿತ್ರ: ತುಳಸಿಕಟ್ಟೆಯ ಹತ್ತಿರ, ಮೆಣಸು ಒಣಗಹಾಕುವಾಗ, ಕೋಳಿಗೆ ಬೈಯುವಾಗ. ಅರವತ್ತರ ಅಕ್ಕನ ಕೆಳಗೆ ಒಂದು ವರ್ಷ ಚಿಲ್ಲರೆ. ಈ ಜೂನ್‌ನಲ್ಲಿ ಹಿತ್ತಲಿನ ಹಲಸಿನಹಣ್ಣಿಗೂ ಒಂದು ವರ್ಷ ಹನ್ನೊಂದು ತಿಂಗಳು! ಪಕ್ಕದಲ್ಲಿ ಕತ್ತಿ ಹಿಡಿದು ನಿಂತ ನನಗೂ ಅಷ್ಟೇ.

“ಭಾವ, ನನಗೆ ಐವತ್ತೆರಡು!”

“ಬುದ್ಧಿಗೆ ಸರಿಯಾಗಿದೆ, ಬಿಡು.”

ಜುಲೈ ಬಂತು. ಎರಡು ವರ್ಷದ ತಪಾಸಣೆಗೆ ಅಕ್ಕ ಮೈಸೂರಿಗೆ ಹೊರಡುವ ಬೆಳಗ್ಗೆ ನಾನು ಬೇಗನೇ ಹೋದೆ. ಭಾವ ಸ್ನಾನಕ್ಕೆ ಹೋಗಿದ್ದರು. ಜಗಲಿಯ ಮೇಲೆ ಕ್ಯಾಮರಾ. ಕೆಳಗೆ ವಯಸ್ಸಿಲ್ಲದ, ನೆಟ್ಟಗಿನ ಒಂದು ಫೋಟೊ ಅಕ್ಕನದು ಇರಲಿ ಎನ್ನಿಸಿತು. ಯಾತಕ್ಕೆ ಇರಲಿ ಎಂದು ನನ್ನನ್ನೇ ಕೇಳಿಕೊಂಡೆ. ಗೋಡೆ, ಮೊಳೆ, ಗಂಧದ ಹಾರ ಕಣ್ಣಿಗೆ ಕಟ್ಟಿದವು. ಆ ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದೆ. ಎಲ್ಲ ಅಳಿಸಲೇ ಎಂದು ಕ್ಯಾಮರಾ ಕೇಳಿತು. ನನ್ನ ಮನಸ್ಸಿನಲ್ಲಿದ್ದ ಆ ಹಾರವನ್ನೇ ಅಳಿಸಲು ಕೇಳಿತೆಂದುಕೊಂಡು ಹೂಂ ಎಂದು ಒತ್ತಿಬಿಟ್ಟೆ!

ಚಿತ್ರಗಳು ಉಳಿದಿದ್ದವು. ಅಳಿಸಿಹೋದದ್ದು ಭಾವ ಮಾಡಿಟ್ಟ ಸೆಟ್ಟಿಂಗುಗಳು; ಮಗುವಿನ ಮೋಡಿಗೆ ಹಾಕಿಟ್ಟಿದ್ದ ತಾರೀಖೂ ಹೋಗಿತ್ತು.

ಭಾವ ಬಂದು, ಗೇಟಿನ ಹತ್ತಿರ ಅಕ್ಕನನ್ನು ನಿಲ್ಲಿಸಿ ಒತ್ತಿ ನೋಡಿದರು. ಕೆಳಗೆ ಏನೂ ಇಲ್ಲ. ಇನ್ನೊಮ್ಮೆ ಒತ್ತಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮೂವತ್ತು ವರ್ಷ ಇನ್ನೂರು ಜನಕ್ಕೆ ಹಾಜರಿ ಕೂಗಿದವರ ಮಾತು ನನಗೊಬ್ಬನಿಗೇ ಕೇಳುವಷ್ಟಿತ್ತು.

“ಇವತ್ತಿಗೆ ಎರಡು ತುಂಬಬೇಕಿತ್ತು ಕಣೋ” ಎಂದರು.

ತಾರೀಖು ಹಾಕಲು ಹೋದರೆ ಆ ಸಣ್ಣ ಗುಂಡಿ ಬೆರಳಿಗೆ ಸಿಗುತ್ತಿಲ್ಲ. ನಾನು ಕ್ಯಾಮರಾ ಇಸಿದುಕೊಂಡೆ. ಭಾವ ತಾರೀಖು ಹೇಳಲು ಬಾಯಿ ತೆರೆಯುವಷ್ಟರಲ್ಲಿ ದಿನ, ತಿಂಗಳು, ವರ್ಷ ಮೂರನ್ನೂ ಒತ್ತಿ ಮುಗಿಸಿದ್ದೆ. ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ಅಕ್ಕನನ್ನು ಹೊರಗೆ ತಂದ ದಿನ. ಅದನ್ನು ನನಗೆ ಯಾರು ಹೇಳಬೇಕು? ಭಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ.

“ರೀ, ಬಸ್ಸಿಗೆ ಹೊತ್ತಾಯ್ತು! ಮೋಡ ಸರೀತೋ ಇಲ್ವೋ?” ಎಂದು ಅಕ್ಕ ಕೊಡೆಯ ಅಡಿಯಿಂದ ಕೂಗಿದಳು.

“ಸರೀತು ಕಣೇ, ನಿಂತ್ಕೋ” ಎಂದರು ಭಾವ.

ಈಗ ಅಕ್ಟೋಬರ್. ನಮ್ಮ ಅಕ್ಕನಿಗೆ ಎರಡು ವರ್ಷ ಮೂರು ತಿಂಗಳು. ಮನೆ ತುಂಬ ಓಡಾಡುತ್ತಾಳೆ, ಮಾತು ಬೇಕಾದಷ್ಟು. ಹಟ ಮಾತ್ರ ವಿಪರೀತ, ಯಾರ ಮಾತೂ ಕೇಳುವುದಿಲ್ಲ. ಈ ವಯಸ್ಸಿನಲ್ಲಿ ಎಲ್ಲ ಮಕ್ಕಳೂ ಹಾಗೇ ಎನ್ನುತ್ತಾರೆ ಭಾವ.