ಗ್ಯಾಂಗ್‌ಸ್ಟರ್, ವ್ಯಾಂಪೈರ್ ಮತ್ತು ಬೆಂಡೆಕಾಯಿ

ಸಿನಿಮಾದ ವಿಷಯದಲ್ಲಿ ನಾನು ಬಲು ಮಡಿವಂತ. ಅಳುವ ಸಿನಿಮಾ ಅಳಿಸಬೇಕು, ಹೊಡೆದಾಟದ್ದು ಹೊಡೆಯಬೇಕು. ಸಾರು ಹರಿದು ಪಾಯಸಕ್ಕೆ ಸೇರಿದರೆ ನನಗೆ ಊಟವೇ ರುಚಿಸುವುದಿಲ್ಲ. ಇಂಥ ನನಗೆ ಕಳೆದ ವಾರ ಮಗಳು ಮೇಘನಾ ಒಂದು ಜಪಾನಿ ಸಿನಿಮಾ ತೋರಿಸಿದಳು. ನಾಯಕ ಗ್ಯಾಂಗ್‌ಸ್ಟರ್. ಸಾಲದ್ದಕ್ಕೆ ರಕ್ತ ಹೀರುವ, ಬೆಳ್ಳುಳ್ಳಿಗೆ ಹೆದರುವ ವ್ಯಾಂಪೈರ್ ಕೂಡ. ಬಿಸಿಲು ತಾಗಿದರೆ ಬೂದಿಯಾಗುವ ಆಸಾಮಿಯಾದ್ದರಿಂದ, ಹಗಲಿನ ಹೊಡೆದಾಟಗಳಲ್ಲಿ ಚೇಲಾಗಳು ಹೂವಿನ ಚಿತ್ತಾರದ ಕೊಡೆ ಹಿಡಿದು ಅವನ ಹಿಂದೆ ಓಡುತ್ತಾರೆ. ಕತ್ತಿಕಾಳಗದ ನಡುವೆ ಎರಡೂ ಪಂಗಡದವರು ಕತ್ತಿ ಕೆಳಗಿಟ್ಟು ನೂಡಲ್ಸ್ ಮಾಡುವ ಸ್ಪರ್ಧೆಗಿಳಿಯುತ್ತಾರೆ.

"ಏನೇ ಇದು ಕಲಸುಮೇಲೋಗರ? ನಗಬೇಕಾ, ಹೆದರಬೇಕಾ?" ಎಂದೆ.

"ಬೋತ್, ಅಪ್ಪ. ಅಂಗಡೀಲಿ ನಿಂಗೂ ಸೇಮ್ ಆಯ್ತಲ್ಲ" ಎಂದಳು.

ಆ ಅಂಗಡಿಯ ಕಥೆ ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ಅಮೆರಿಕದಲ್ಲಿ ನಾವಿರುವ ನಾರ್‌ಕ್ರಾಸ್‌ನ ಇಂಡಿಯನ್ ಗ್ರೋಸರಿಯೊಂದರಲ್ಲಿ ಬೆಂಡೆಕಾಯಿ ಆರಿಸುತ್ತಿದ್ದೆ. ಹೊರಗೆ ಯಾರೋ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದರು. ಕಾರು ಗಾಜು ಒಡೆದುಕೊಂಡು ಒಳನುಗ್ಗಿ, ನನ್ನಿಂದ ನಾಲ್ಕಡಿ ದೂರದಲ್ಲಿ ಅಕ್ಕಿ ಮೂಟೆಗಳಿಗೆ ಗುದ್ದಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಿರುಚಾಟ, ಹೊಗೆ, ಎಲ್ಲೆಲ್ಲೂ ಗಾಜಿನ ಚೂರು. ಸ್ಪೀಕರಿನಲ್ಲಿ ಭಜನೆ ಮಾತ್ರ ನಡೆದೇ ಇತ್ತು. ನನ್ನ ಕೈಯೂ ನಿಲ್ಲಲಿಲ್ಲ: ಎಳೆಯದೋ ಬಲಿತದ್ದೋ ಎಂದು ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿಯುತ್ತಲೇ ಇತ್ತು. ಪೊಲೀಸರು ಬಂದು ಏನು ನೋಡಿದಿರಿ ಎಂದು ಕೇಳಿದಾಗ, "ಎಲ್ಲಾ ಬಲಿತುಹೋಗಿವೆ" ಎಂದೆನಂತೆ.

ಈ ಕಥೆಗೆ ಪರಿಚಯದವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಆ ಗಾಜಿನ ಸದ್ದು ಕಿವಿ ಬಿಟ್ಟು ಹೋಗಲಿಲ್ಲ. ಪ್ರತಿ ಶನಿವಾರ ಹೆಂಡತಿ ಸುಧಾ ಅಂಗಡಿಯೊಳಗೆ, ನಾನು ಕಾರಿನೊಳಗೆ. ಎರಡು ಸಲ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದೆ. ಅವಳು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ಇವ್ರು ಹೀಗೇ ಉಳಿದ್ಬಿಟ್ರೆ ಏನೇ ಮಾಡೋದು?" ಎಂದು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದುದು ಕೇಳಿಸಿತ್ತು. ಆ ಪ್ರಶ್ನೆ ನನ್ನದೂ ಆಗಿತ್ತು.

ಮೊನ್ನೆ ಶನಿವಾರ ದಾರಿಯುದ್ದಕ್ಕೂ ಅವಳಿಗೆ ಈ ಸಿನಿಮಾ ಕಥೆ ಹೇಳುತ್ತಿದ್ದೆ. ಅಂಗಡಿ ಬಂತು. ಅವಳು ಇಳಿದು ನಡೆಯುತ್ತಲೇ, "ಆಮೇಲೆ?" ಎಂದಳು. ನಾನೂ ಹೇಳುತ್ತಾ ಹಿಂದೆ ನಡೆದೆ.

"ಆಮೇಲೆ ಶತ್ರುವಿನ ಕುತ್ತಿಗೆಗೇ ಬಾಯಿ ಹಾಕ್ದ. ಅವನೋ, ಆಗ ತಾನೇ ಬೆಳ್ಳುಳ್ಳಿ ನೂಡಲ್ಸ್ ತಿಂದಿದ್ದ."

"ಪೆದ್ದು ಮುಂಡೇದು. ಮುಂಚೆ ಮೂಸಿ ನೋಡ್ಬಾರ್ದಾ? ಆಮೇಲೇನಾಯ್ತು?"

"ಇಬ್ರೂ ತಬ್ಬಿಕೊಂಡು ಅಳೋಕೆ ಶುರು ಮಾಡಿದ್ರು."

"ರೀ, ಈ ಬುಟ್ಟಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಆಗಲೇ ಗೊತ್ತಾದದ್ದು, ನಿಂತಿರುವುದು ಹೊಸ ಗಾಜಿನ ಪಕ್ಕದಲ್ಲಿ ಎಂದು. ಬಾಗಿಲ ಕಡೆ ನೋಡಿದೆ. ಸುಧಾ ಮಾತ್ರ ಟೊಮೇಟೊ ಆರಿಸುವುದನ್ನೂ ಬಿಟ್ಟು, ನನ್ನ ಮುಖವನ್ನೇ ನೋಡುತ್ತಾ ಮುಂದಿನ ಕಥೆಗೆ ಕಾದಿದ್ದಳು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ನನ್ನ ಮಾತನ್ನು ಅವಳು ಅಡ್ಡ ಬಾಯಿ ಹಾಕದೆ ಕೇಳಲು ನಿಂತದ್ದು ಅದೇ ಮೊದಲು. ಅಂಥ ಅವಕಾಶವನ್ನು ಪ್ರಾಣಭಯದಂಥ ಸಣ್ಣ ಕಾರಣಕ್ಕೆ ಬಿಟ್ಟು ಓಡುವಷ್ಟು ಪೆದ್ದ ನಾನಲ್ಲ.