ಕುದ್ರುವಿನ ದೀಪ

ಆರುವ ದೀಪ ಕಂಡರೆ ಶ್ರೀನಂದನ ಭಟ್ಟರ ಕೈ ಸುಮ್ಮನಿರುವುದಿಲ್ಲ. ಕದ್ರಿಯ ಹತ್ತಿರದ ಸಣ್ಣ ದೇವಸ್ಥಾನದಲ್ಲಿ ದೊಡ್ಡಪ್ಪ ಕಮಲಾಕ್ಷ ಭಟ್ಟರ ಕೈಕೆಳಗೆ ಹದಿನಾರು ವರ್ಷ ಪೂಜೆ ಮಾಡಿದ ಕೈ ಅದು. ಆ ಶನಿವಾರ ಅವರನ್ನು ಸಿಕ್ಕಿಸಿಹಾಕಿದ್ದೂ ಅದೇ.

ವರ್ಷಕ್ಕೊಮ್ಮೆ ಸಿಗುವ ರಜೆ, ಅದೂ ಪೂರ್ತಿಯಲ್ಲ. “ಏಳು ಗಂಟೆಯ ಆರತಿಗೆ ನೀನು ಇಲ್ಲಿ ಇರ್ಬೇಕು. ತಡ ಆದ್ರೆ ಇನ್ನು ರಜೆ ಅಂತ ನನ್ನ ಹತ್ರ ಬರ್ಬೇಡ,” ಎಂದಿದ್ದರು ದೊಡ್ಡಪ್ಪ. ಹೆಂಡತಿ ತನ್ಮಯಿಗೆ ನೇತ್ರಾವತಿಯ ನಡುವಿನ ಕುದ್ರು ನೋಡುವ ಆಸೆ. ಆ ಪುಟ್ಟ ದ್ವೀಪದಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಗೆ ಕಲಾವಿದರು ಬಂದು ಪ್ರದರ್ಶನ ಇಟ್ಟ ಮೇಲೆ, ವೀಕೆಂಡ್ ಬಂತೆಂದರೆ ಅರ್ಧ ಮಂಗಳೂರು ಬೋಟು ಹತ್ತುತ್ತದೆ.

ಕುದ್ರುವಿಗೆ ಇಳಿದ ಭಟ್ಟರು ಬೆರಗಾಗಿಬಿಟ್ಟರು. ಹಳೇ ಬಲೆಗಳಿಂದ ಕಟ್ಟಿದ ತಿಮಿಂಗಿಲದ ಹೊಟ್ಟೆಯೊಳಗೆ, ಮೀನಿನ ವಾಸನೆಯನ್ನೂ ಮರೆತು, ಎರಡು ಸಲ ಹೊಕ್ಕು ಬಂದರು. ಒಡೆದ ಹಂಚು ಜೋಡಿಸಿ ಮಾಡಿದ ಹೊಳೆಯ ಮುಂದೆ ನಿಂತಾಗ ಅವರಿಗೆ ನಿಜವಾಗಿ ನೀರಿನ ಸದ್ದು ಕೇಳಿತು.

“ಎಂಥಾ ತಲೆ ಮಾರಾಯ್ತಿ ಇವರದ್ದು!”

ಸಂಜೆ ನಾಲ್ಕೂವರೆಗೆ ಎಲ್ಲರೂ ನೀರುದೋಸೆಯ ಕ್ಯೂನಲ್ಲಿದ್ದಾಗ ಅವರೊಬ್ಬರೇ ಹಂಚು ಸುಡುವ ಗೂಡಿನೊಳಗೆ ಇಣುಕಿದರು. ಕತ್ತಲಲ್ಲಿ ಒಂದೇ ದೀಪ, ಎಣ್ಣೆ ತಳ ಕಂಡಿತ್ತು. ಪಕ್ಕದಲ್ಲೇ ತೆಂಗಿನೆಣ್ಣೆಯ ಬಾಟಲಿ. ಗೋಡೆಯ ಬೋರ್ಡನ್ನೂ ಓದದೆ ಎಣ್ಣೆ ಸುರಿದು, ಬತ್ತಿಯ ಕರಿ ತೆಗೆದು, ಕೈಮುಗಿದು ದೋಸೆಗೆ ಹೋದರು.

ಐದು ಗಂಟೆಗೆ ಕಲಾವಿದೆ ನಸೀಬಾ ಎಲ್ಲರನ್ನೂ ಅದೇ ಗೂಡಿಗೆ ಕರೆದಳು.

“ಇದರ ಹೆಸರು ‘ಕೊನೆಯ ದೀಪ’. ಇನ್ನು ಹತ್ತು ನಿಮಿಷದಲ್ಲಿ ಆರ್ತದೆ. ಒಟ್ಟಿಗೆ ನೋಡುವ. ಆಮೇಲೆ ಬೋಟು.”

ಹತ್ತು ನಿಮಿಷ ನಲವತ್ತಾಯಿತು. ದೀಪ ಮದುವೆಮನೆಯ ಯಜಮಾನನ ಹಾಗೆ ನಗುತ್ತಿತ್ತು. ನಸೀಬಾ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದಳು. ಭಟ್ಟರು ಮತ್ತೆ ಮತ್ತೆ ವಾಚು ನೋಡಿಕೊಂಡರು. ಬೋಟು ನಡೆಸುವ ಜೊಕಿಮನನ್ನು ಬದಿಗೆ ಕರೆದರು.

“ಜೊಕಿಮಣ್ಣ, ಬಿಡಿ ಮಾರಾಯ್ರೆ. ನನಗೆ ಆರತಿ ಉಂಟು.”

“ದೀಪ ಆರದೆ ಬಿಡ್ಲಿಕ್ಕಿಲ್ಲ ಭಟ್ರೇ, ಮೇಡಮ್ ಹೇಳಿದ್ದಾರೆ. ನೀವೇ ಮೆಲ್ಲ ಒಮ್ಮೆ ಊದಿ.”

“ದೀಪ ಊದುವುದಾ? ನಾನಾ? ರಾಮ ರಾಮ!”

ಅಷ್ಟರಲ್ಲಿ ತನ್ಮಯಿಗೆ ಗಂಡನ ಬೆರಳ ಮಸಿ ಕಂಡಿತು. “ಎಂತ ಮಾರಾಯ್ರೆ, ನೀವು ಎಣ್ಣೆ ಹಾಕಿದ್ದಾ?” ಪಿಸುಮಾತೇ, ಆದರೆ ಇಡೀ ಗೂಡಿಗೆ ಕೇಳಿಸಿತು.

ಭಟ್ಟರು ನಸೀಬಾಳ ಮುಂದೆ ತಲೆ ತಗ್ಗಿಸಿದರು. “ಆರ್ತಾ ಇತ್ತಮ್ಮ. ನೋಡ್ತಾ ನಿಲ್ಲಿಕ್ಕೆ ಆಗ್ಲಿಲ್ಲ.”

ನಸೀಬಾ ಬೈಯಲಿಲ್ಲ. ಅರ್ಧ ಖಾಲಿಯಾದ ಎಣ್ಣೆ ಬಾಟಲಿಯನ್ನು ಎತ್ತಿ ಹಿಡಿದಳು. “ಹನ್ನೊಂದು ಊರಲ್ಲಿ ಇದನ್ನು ಇಟ್ಟೆ ಭಟ್ರೇ. ಎಣ್ಣೆ ಬಾಟಲಿ ಯಾವಾಗಲೂ ಪಕ್ಕದಲ್ಲೇ ಇರ್ತಿತ್ತು. ಎಲ್ಲರೂ ಫೋಟೋ ತೆಗೆದ್ರು, ಒಬ್ರೂ ಎಣ್ಣೆ ಹಾಕ್ಲಿಲ್ಲ.” ಜನರತ್ತ ತಿರುಗಿದಳು. “ಇನ್ನು ಇದು ಆರುವುದು ಬೇಡ. ಪ್ರದರ್ಶನ ಮುಗಿಯುವವರೆಗೆ ಉರೀಲಿ. ಜೊಕಿಮಣ್ಣ, ಬೋಟು!”

ಚಪ್ಪಾಳೆ ನಿಲ್ಲುವ ಮೊದಲೇ ಭಟ್ಟರು ದಡಕ್ಕೆ ಓಡಿದರು. ಆರತಿಗೆ ಇನ್ನೂ ಒಂದು ಗಂಟೆಯಿತ್ತು. ಹೆಮ್ಮೆ ತಡೆಯಲಾರದೆ ತನ್ಮಯಿ ಎಲ್ಲವನ್ನೂ ವಿಡಿಯೋ ಮಾಡಿ ದೊಡ್ಡಪ್ಪನಿಗೆ ಕಳಿಸಿಯಾಗಿತ್ತು. ಭಟ್ಟರು ಬೋಟು ಹತ್ತುವ ಮೊದಲೇ ದೊಡ್ಡಪ್ಪನ ಫೋನು ಬಂತು.

“ಭಲೇ ಮಗಾ! ನೋಡಿ ತುಂಬ ಸಂತೋಷ ಆಯ್ತು. ಆರತಿ ನಾನು ಮಾಡ್ತೇನೆ, ನೀನು ಬರುವುದು ಬೇಡ.”

“ಅಂದ್ರೆ ನಾಳೆಯೂ ರಜೆಯಾ ದೊಡ್ಡಪ್ಪ?”

“ಎಂತ ರಜೆ? ಆರಬಾರದ ದೀಪಕ್ಕೆ ಒಬ್ಬ ಭಟ್ಟ ಬೇಡ್ವಾ? ಪ್ರದರ್ಶನ ಮುಗಿಯುವ ತನಕ ಶನಿವಾರ, ಆದಿತ್ಯವಾರ ನೀನು ಅಲ್ಲೇ. ಬಾಕಿ ಐದು ದಿನ ಎಣ್ಣೆ ಆ ಮೇಡಮ್ ಹಾಕ್ಲಿ, ನಿನಗೆ ಇಲ್ಲಿ ಪೂಜೆ ಉಂಟಲ್ಲ!”

ಜೊಕಿಮ್ ಬೋಟು ಬಿಟ್ಟ. ಅದರಲ್ಲಿ ಕುಳಿತ ತನ್ಮಯಿ ದಡದಲ್ಲೇ ಉಳಿದ ಗಂಡನಿಗೆ ಅಭಿಮಾನದಿಂದ ಕೈಬೀಸಿದಳು.